ರಾಜಕ್ಕ ಚೇಂಬರಿಗೆ ರೊಟ್ಟಿ ತಟ್ಟಿದ್ದು

ಆಕೆಯ ಪೂರ್ತಿ ಹೆಸರು ಬಸವರಾಜೇಶ್ವರಿ. ಅರ್ಜಿ ಫಾರಮ್ಮಿನ ಚೌಕಗಳಲ್ಲಿ ಹಿಡಿಯದ ಹೆಸರು. ಕೆಂಗೇರಿ ಉಪನಗರದ ಆ ಬೀದಿಯವರು ಅದನ್ನು ಕತ್ತರಿಸಿ ರಾಜಕ್ಕ ಎಂದು ಮಾಡಿಕೊಂಡಿದ್ದರು. ವಯಸ್ಸು ಐವತ್ತೊಂಬತ್ತು. ಹುಟ್ಟಿದ್ದು ಕೊಪ್ಪಳದ ಕಡೆ, ಮದುವೆಯಾಗಿ ಬೆಂಗಳೂರಿಗೆ ಬಂದು ಮೂವತ್ತಾರು ವರ್ಷ. ಅಷ್ಟೂ ವರ್ಷ ಜೋಳದ ರೊಟ್ಟಿ ತಟ್ಟಿದ್ದಾಳೆ, ಅಷ್ಟೂ ವರ್ಷ ಗಂಡನ ಮಾತಿಗೆ ಹೂಂ ಎಂದಿದ್ದಾಳೆ. ಮನಸ್ಸಿಟ್ಟು ಮಾಡಿದ್ದು ಮೊದಲನೆಯದನ್ನು ಮಾತ್ರ.

ಗಂಡ ಜಂಬಣ್ಣನವರು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಹೆಸರಿಗೆ ತಕ್ಕ ಜಂಬ. ಆ ಜಂಬದ ಮುಕ್ಕಾಲು ಪಾಲು ಪೋರ್ಟಿಕೋದಲ್ಲಿ ನಿಂತಿದ್ದ ಹದಿನಾಲ್ಕು ವರ್ಷದ ಬೆಳ್ಳಿ ಬಣ್ಣದ ಪುಟ್ಟ ಕಾರಿಗೆ ಸಂಬಂಧಪಟ್ಟದ್ದು. ಬೆಳಗ್ಗೆ ಎದ್ದು ಹೆಂಡತಿಯ ಮುಖ ನೋಡುವ ಮೊದಲು ಅದರ ಮುಖ ನೋಡುತ್ತಿದ್ದರು. ತಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡ ಬೆರಳಲ್ಲೇ ಬಾನೆಟ್ಟಿಗೂ ಮೂರು ಗೆರೆ ಎಳೆಯುತ್ತಿದ್ದರು. ಓಡಿಸುವುದನ್ನು ಮಾತ್ರ ಬಿಟ್ಟು ಮೂರು ವರ್ಷವಾಗಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೆ ರಾತ್ರಿ ಎದುರಿನ ಲೈಟು ಚುಚ್ಚುತ್ತದೆ ಎಂದರು. ಆಮೇಲೆ ಹಗಲಲ್ಲೂ ಏನೋ ಚುಚ್ಚುತ್ತದೆ ಎಂದರು. ಶನಿವಾರ ಬೆಳಗ್ಗೆ ಪೂಜೆ ಮಾಡಿ, ಬ್ಯಾಟರಿ ಸಾಯಬಾರದೆಂದು ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸಿದರೆ ವಾರದ ಸೇವೆ ಮುಗಿಯಿತು. ಉಳಿದಂತೆ ಕಾರು ಕಾಂಪೌಂಡು ದಾಟುವುದಿಲ್ಲ ಎಂದು ಅವರು ನಂಬಿದ್ದರು.

ಕಾರು ಪ್ರತಿ ಬುಧವಾರ ಬಿಡದಿಗೆ ಹೋಗಿ ಬರುತ್ತಿತ್ತು.

ಎರಡು ವರ್ಷದ ಹಿಂದೆ ರಾಜಕ್ಕ ವಿಜಯನಗರಕ್ಕೆ ವಚನ ಗಾಯನ ಕ್ಲಾಸಿಗೆ ಹೋಗುತ್ತೇನೆ ಎಂದು ಹೇಳಿ ಹೋಗುತ್ತಿದ್ದದ್ದು ಡ್ರೈವಿಂಗ್ ಶಾಲೆಗೆ. ಮೂರು ತಿಂಗಳಾದರೂ ಒಂದು ವಚನವೂ ಬಾರದಿದ್ದಾಗ ಜಂಬಣ್ಣನವರು, ನಿನ್ನ ಗಂಟಲಿಗೆ ಅದು ಒಗ್ಗುವುದಿಲ್ಲ ಬಿಡು ಎಂದು ಸಮಾಧಾನ ಹೇಳಿದ್ದರು. ಲೈಸೆನ್ಸು ಸಾಸಿವೆ ಡಬ್ಬಿಯ ತಳದಲ್ಲಿತ್ತು, ಕಾರಿನ ಎರಡನೇ ಕೀಲಿ ಮೆಂತ್ಯದ ಡಬ್ಬಿಯಲ್ಲಿ. ಮಧ್ಯಾಹ್ನ ಎರಡಕ್ಕೆ ಊಟ ಮಾಡಿ ಮಲಗಿದರೆ ಜಂಬಣ್ಣನವರು ನಾಲ್ಕರ ತನಕ ಭೂಕಂಪವಾದರೂ ಏಳುವವರಲ್ಲ. ಆಗ ರಾಜಕ್ಕ ಮತ್ತು ಪಕ್ಕದ ಮನೆಯ ನೀಲಗಂಗಮ್ಮ ಸೇರಿ ಕಾರನ್ನು ಸದ್ದಿಲ್ಲದೆ ಗೇಟಿನಾಚೆ ತಳ್ಳಿ, ತಿರುವಿನಲ್ಲಿ ಚಾಲೂ ಮಾಡಿ, ಮೈಸೂರು ರಸ್ತೆ ಹಿಡಿದು, ಬಿಡದಿಯಲ್ಲಿ ಬೆಣ್ಣೆ ಸುರಿಸಿಕೊಂಡ ಎರಡೆರಡು ತಟ್ಟೆ ಇಡ್ಲಿ ತಿಂದು, ಮೂರೂ ಮುಕ್ಕಾಲಕ್ಕೆ ಮರಳಿ ಕಾರನ್ನು ತಳ್ಳಿಯೇ ಒಳಗಿಡುತ್ತಿದ್ದರು. ನೀಲಗಂಗಮ್ಮ ಹೋಗುತ್ತಿದ್ದದ್ದು ಇಡ್ಲಿಗಾಗಿ. ರಾಜಕ್ಕನಿಗೆ ಇಡ್ಲಿ ಒಂದು ನೆಪ. ಸ್ಟೇರಿಂಗ್ ಹಿಡಿದು ಕೂತಷ್ಟು ಹೊತ್ತು ಯಾರಿಗೂ ಹೂಂ ಎನ್ನಬೇಕಾಗಿರಲಿಲ್ಲ. ವಾರದ ಉಳಿದ ಆರು ದಿನವನ್ನು ಆಕೆ ಆ ಒಂದೂ ಮುಕ್ಕಾಲು ಗಂಟೆಯ ಬಲದ ಮೇಲೆ ದಾಟುತ್ತಿದ್ದಳು.

ಆ ಬುಧವಾರ ಎಲ್ಲ ಸರಿಯಾಗಿಯೇ ಇತ್ತು, ಕೊನೆಯ ಐವತ್ತು ಹೆಜ್ಜೆ ಬಿಟ್ಟು. ಅವರ ಬೀದಿಗೆ ಹೊಸ ಡಾಂಬರು ಹಾಕುತ್ತೇವೆಂದು ಬಂದವರು ಹಳೆಯದನ್ನು ಕೆರೆದು ಹೋಗಿ ತಿಂಗಳಾಗಿತ್ತು. ಒಳಚರಂಡಿಯ ಚೇಂಬರ್ ಮುಚ್ಚಳ ನಡುರಸ್ತೆಯಲ್ಲಿ ಗೇಣುದ್ದ ಎದ್ದು ಕೂತಿತ್ತು. ಎದುರಿಗೆ ಬಂದ ಹಾಲಿನ ಗಾಡಿಗೆ ದಾರಿ ಬಿಡಲು ಹೋಗಿ ರಾಜಕ್ಕ ಅದರ ಮೇಲೆಯೇ ಹೋದಳು. ಅಡಿಯಲ್ಲಿ ಟಣ್ ಎಂದಿತು.

"ಯಾರಿಗೋ ಹೊಡೀತು ನೋಡ್ರಿ," ಎಂದಳು ನೀಲಗಂಗಮ್ಮ.

"ಯಾರಿಗೋ ಅಲ್ಲ, ನಮಗ."

ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿಕೊಂಡಿತು. ಆ ದೀಪ ಕಂಡ ಕ್ಷಣ ಎಂಜಿನ್ ಆಫ್ ಮಾಡಬೇಕು ಎಂದು ಶಾಲೆಯ ಮಾಸ್ತರು ಹತ್ತು ಸಲ ಹೇಳಿದ್ದರಿಂದ ರಾಜಕ್ಕ ಕೂಡಲೇ ಕೀಲಿ ತಿರುಗಿಸಿದಳು. ಇಬ್ಬರೂ ಇಳಿದು ಗಾಡಿಯನ್ನು ಮನೆ ತನಕ ತಳ್ಳಿ, ಸೋರುವಲ್ಲಿ ಹಳೇ ಗೋಣಿಚೀಲ ಹಾಸಿದರು. ಹಿಂತಿರುಗಿ ನೋಡಿದರೆ ರಸ್ತೆಯ ಚೇಂಬರಿನಿಂದ ಅವರ ಗೇಟಿನವರೆಗೆ ಕಪ್ಪು ಎಣ್ಣೆಯ ಸಾಲು, ಕಳ್ಳರ ಮನೆ ಇಲ್ಲೇ ಎಂದು ಬಾಣದ ಗುರುತು ಹಾಕಿದ ಹಾಗೆ.

ಎಂಜಿನ್ನಿನ ಹೊಟ್ಟೆಯಡಿ ಎಣ್ಣೆ ನಿಲ್ಲುವ ಒಂದು ತಟ್ಟೆ ಇರುತ್ತದಲ್ಲ, ನಮ್ಮ ಕಡೆ ಮೆಕ್ಯಾನಿಕ್ಕುಗಳು ಅದಕ್ಕೂ ಚೇಂಬರ್ ಎಂದೇ ಹೇಳುವುದು. ರಸ್ತೆಯ ಚೇಂಬರು ಕಾರಿನ ಚೇಂಬರನ್ನು ಸೀಳಿತ್ತು. ಒಂದೇ ಹೆಸರಿನವರಿಗೆ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ.

ಸಂಜೆ ವಾಕಿಂಗಿಗೆ ಹೊರಟ ಜಂಬಣ್ಣನವರು ಗೇಟಿನಲ್ಲೇ ನಿಂತರು.

"ಇದೇನಿದು ಕರ್ರಗ? ಯಾರ ಮನೀದು?"

ರಾಜಕ್ಕ ಹತ್ತು ಸುಳ್ಳು ಯೋಚಿಸಿಟ್ಟಿದ್ದಳು. ಗಾಬರಿಯಲ್ಲಿ ಬಾಯಿಂದ ಬಿದ್ದದ್ದು ನಿಜ. "ಚೇಂಬರ್ ಸೋರಾಕತ್ತೈತ್ರಿ."

ಮುಗಿಯಿತು ಕಥೆ ಎಂದು ಆಕೆ ಕಣ್ಣು ಮುಚ್ಚಿಕೊಂಡಳು. ಜಂಬಣ್ಣನವರು ನಡುರಸ್ತೆಯ ಮುಚ್ಚಳವನ್ನು ಕೆಕ್ಕರಿಸಿ ನೋಡಿದರು. ನಿವೃತ್ತರಾಗಿ ಏಳು ವರ್ಷದಿಂದ ದೂರು ಬರೆಯಲು ಒಂದು ಒಳ್ಳೆಯ ವಿಷಯ ಸಿಗದೆ ಒಣಗಿದ್ದ ಮನುಷ್ಯ. "ನಾ ಬಿಡಂಗಿಲ್ಲ ಇದನ್ನ," ಎಂದು ವಾಕಿಂಗ್ ಬಿಟ್ಟು ಒಳಗೆ ಹೋಗಿ ಎರಡು ಪುಟ ಬರೆದರು. ಬೀದಿಯ ವಾಟ್ಸಾಪ್ ಗುಂಪಿಗೆ ಮೂರು ಫೋಟೋ ಹಾಕಿದರು.

ರಾತ್ರಿ ಊಟಕ್ಕೆ ಕೂತಾಗ ಅದೇ ಹುರುಪಿನಲ್ಲಿ ಇನ್ನೊಂದು ಮಾತು ಹೇಳಿದರು. "ಭಾನುವಾರ ದೀಪಾಂಜಲಿ ನಗರದಿಂದ ಒಬ್ಬ ಹುಡುಗ ಬರ್ತಾನ, ಕಾರು ನೋಡಾಕ. ಓಡಿಸೋರೇ ಇಲ್ಲದ ಗಾಡಿ ಇಟ್ಕೊಂಡು ಏನ್ ಮಾಡೋದು? ಮಾರಿಬಿಡೋದು."

ರಾಜಕ್ಕನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಓಡಿಸೋರು ಇದ್ದಾರೆ ಎನ್ನಬೇಕಿತ್ತು. ಅಂದರೆ ಬಿಡದಿ, ಇಡ್ಲಿ, ವಚನದ ಕ್ಲಾಸು ಎಲ್ಲ ಹೊರಬಂದು, ಕೊನೆಗೆ ಒಡೆದ ಚೇಂಬರು ಬರುತ್ತದೆ. 'ಹೆಣ್ಣುಮಕ್ಕಳ ಕೈಗೆ ಗಾಡಿ ಕೊಟ್ಟರೆ ಇದೇ' ಎಂಬ ಮಾತು ಆಕೆಯ ಕಿವಿಯಲ್ಲಿ ಆಗಲೇ ಕೇಳಿಸಿತು. ಮೂವತ್ತಾರು ವರ್ಷದ ಅಭ್ಯಾಸ; ಬಾಯಿ ತಾನಾಗಿ ಹೂಂ ಎಂದಿತು. 

ಮಾರಾಟದ ಮಾತು ಭಾನುವಾರಕ್ಕೆ. ಅದಕ್ಕಿಂತ ಮೊದಲು ಶನಿವಾರವಿತ್ತು. ಎಣ್ಣೆಯಿಲ್ಲದ ಎಂಜಿನ್ನನ್ನು ಜಂಬಣ್ಣನವರು ಹತ್ತು ನಿಮಿಷ ಓಡಿಸಿದರೆ ಅದು ಅಲ್ಲೇ ಸಮಾಧಿ.

ಗುರುವಾರ ಬೆಳಗ್ಗೆ ಸೊಪ್ಪಿಗೆಂದು ಹೊರಟ ರಾಜಕ್ಕ ಹಳೇ ಕೆಂಗೇರಿಯ ಕೆಂಚಪ್ಪನ ಗ್ಯಾರೇಜಿಗೆ ಹೋದಳು. ಕೆಂಚಪ್ಪನ ಅಪ್ಪನ ರಾಗಿ ಹೊಲದ ಮೇಲೆ ಈಗ ಒಂದು ಲೇಔಟೇ ಎದ್ದಿದೆ. ದುಡಿಯುವ ಅಗತ್ಯವಿಲ್ಲ. ಮನೆಯಲ್ಲಿದ್ದರೆ ಹೆಂಡತಿ ಕೆಲಸ ಹೇಳುತ್ತಾಳೆಂದು ಗ್ಯಾರೇಜು ಇಟ್ಟುಕೊಂಡಿದ್ದ.

"ಚೇಂಬರ್ ಬಿಚ್ಬೇಕು ಅಂದ್ರೆ ಗಾಡಿ ಇಲ್ಲಿಗೆ ತರ್ಬೇಕಮ್ಮ," ಎಂದ. "ಕೆಳಗಡೆ ಅಡ್ಡಪಟ್ಟಿ ಇಳಿಸ್ಬೇಕು, ಎಂಜಿನ್ ಎತ್ತಿ ಹಿಡೀಬೇಕು. ಎರಡ್ ದಿನ."

"ಗಾಡಿ ಗೇಟು ದಾಟಂಗಿಲ್ಲ. ನಮ್ಮವರಿಗೆ ಗೊತ್ತಾಗಬಾರ್ದು."

ಕೆಂಚಪ್ಪ ಆಕೆಯನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರೆ ಬಿಚ್ಚದೆ ಮಾಡ್ಬೇಕು. ಎಷ್ಟುದ್ದ ಸೀಳಿದೆ?"

ರಾಜಕ್ಕ ಕಿರುಬೆರಳು ತೋರಿಸಿದಳು. ಬೆಳಗ್ಗೆ ನಸುಕಿನಲ್ಲಿ ಎದ್ದು, ರಂಗೋಲಿ ಹಾಕುವ ನೆಪದಲ್ಲಿ ಕಾರಿನಡಿಗೆ ಟಾರ್ಚ್ ಬಿಟ್ಟು ನೋಡಿದ್ದಳು.

"ಆಗತ್ತೆ. ಆದ್ರೆ ನಾನು ಅಡಿಗೆ ತೂರಲ್ಲ," ಎಂದು ಕೆಂಚಪ್ಪ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟ. "ನೀವೇ ತೂರ್ಬೇಕು. ನಾನು ಪಕ್ಕದಲ್ಲಿ ಕೂತು ಹೇಳ್ತೀನಿ."

ಮಧ್ಯಾಹ್ನ ಎರಡೂ ಹತ್ತಕ್ಕೆ ಕೆಂಚಪ್ಪ ಗ್ಯಾಸ್ ಸ್ಟೌ ರಿಪೇರಿಯವನ ಹಾಗೆ ಹೆಗಲಿಗೊಂದು ಚೀಲ ಹಾಕಿಕೊಂಡು ಬಂದ. ನೀಲಗಂಗಮ್ಮನನ್ನು ಮಲಗುವ ಕೋಣೆಯ ಕಿಟಕಿಯ ಹೊರಗೆ ನಿಲ್ಲಿಸಲಾಯಿತು. ಗೊರಕೆ ನಿಂತರೆ ಆಕೆ ಕೆಮ್ಮಬೇಕು. ಕೆಂಚಪ್ಪ ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಅಡಿಗೆ ಎರಡು ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಹಿಂದಿನ ಗಾಲಿಗೆ ಕಲ್ಲಿಟ್ಟ. "ಜಾಕ್ ಒಂದನ್ನೇ ನಂಬ್ಕೊಂಡು ಯಾವತ್ತೂ ಅಡಿಗೆ ಹೋಗ್ಬೇಡಿ. ಅದು ಗಂಡಸರ ಮಾತಿದ್ದಂಗೆ, ಯಾವಾಗ ಇಳಿಯತ್ತೆ ಹೇಳಕ್ಕಾಗಲ್ಲ," ಎಂದ. ಮುಂಭಾಗ ಎತ್ತಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸೀಳಿದ್ದು ತಟ್ಟೆಯ ಮುಂದಿನ ಅಂಚಿನಲ್ಲಿ. ಅಳಿದುಳಿದ ಎಣ್ಣೆ ಹಿಂದಕ್ಕೆ ಸರಿಯಲಿ ಎಂದು.

ರಾಜಕ್ಕ ಸೆರಗು ಬಿಗಿದು, ತಲೆಗೆ ಜಂಬಣ್ಣನವರ ಹಳೇ ಟವೆಲು ಸುತ್ತಿ, ಚಾಪೆಯ ಮೇಲೆ ಅಂಗಾತ ಮಲಗಿ ಒಳಗೆ ಜಾರಿದಳು. ಅಡಿಯಿಂದ ನೋಡಿದರೆ ಜಂಬಣ್ಣನವರ ದೇವರ ಮೈಯೆಲ್ಲ ಮಣ್ಣು, ಜಿಡ್ಡು. ಹದಿನಾಲ್ಕು ವರ್ಷದ ಪೂಜೆಯೆಲ್ಲ ಮೇಲಷ್ಟಕ್ಕೇ ಎಂದು ಆಕೆಗೆ ನಗು ಬಂತು.

ಮೊದಲು ತಟ್ಟೆಯ ತಳದ ಬೋಲ್ಟು ಸಡಿಲಿಸಿ ಉಳಿದ ಎಣ್ಣೆಯನ್ನು ಹಳೇ ಬಕೆಟ್ಟಿಗೆ ಇಳಿಸಿ, ಬೋಲ್ಟು ಮತ್ತೆ ಬಿಗಿದದ್ದಾಯಿತು. ಅರ್ಧ ಲೋಟದಷ್ಟು ಮೊಣಕೈಗೂ ಇಳಿಯಿತು. ಆಮೇಲೆ ಒರೆಸುವುದು. ಒರೆಸಿದಷ್ಟೂ ಸೀಳಿನಿಂದ ತೆಳ್ಳಗೆ ಜಿನುಗುತ್ತಲೇ ಇತ್ತು.

"ಉದ್ದಿನ ಹಿಟ್ಟು ಸುಣ್ಣ ಕಲಸಿ ಮೆತ್ತಿಬಿಡ್ರಿ," ಎಂದು ಕಿಟಕಿಯ ಕಡೆಯಿಂದ ನೀಲಗಂಗಮ್ಮನ ಪಿಸುಮಾತು ಬಂತು. "ನಮ್ಮಜ್ಜಿ ಹಗೇವು ಹಂಗೇ ಮುಚ್ಚಿದ್ಲು."

"ಇದು ಜೋಳದ ಕಣಜ ಅಲ್ಲಮ್ಮಾ," ಎಂದ ಕೆಂಚಪ್ಪ. "ಜಿಡ್ಡು ಇರೋವರ್ಗೂ ಬ್ರಹ್ಮ ಬಂದು ಅಂಟಿಸಿದ್ರೂ ಅಂಟಲ್ಲ. ಒರೆಸಿ, ಕಾಯಿರಿ. ಮತ್ತೆ ಒರೆಸಿ."

ಮೂರನೇ ಸಲ ಒರೆಸಿದ ಮೇಲೆ ಜಿನುಗು ನಿಂತಿತು. ಸೀಳಿನ ಎರಡೂ ತುದಿಗೆ, ಅದು ಮುಂದಕ್ಕೆ ಓಡದ ಹಾಗೆ, ಕೈ ಡ್ರಿಲ್ಲಿನಿಂದ ಸಾಸಿವೆಯಷ್ಟು ತೂತು ಕೊರೆಯಬೇಕು ಎಂದ ಕೆಂಚಪ್ಪ. ಬಿರುಕಿಗೆ ಕೊನೆ ಎಲ್ಲಿ ಎಂದು ನಾವೇ ತೋರಿಸದಿದ್ದರೆ ಅದು ಹೋಗುತ್ತಲೇ ಇರುತ್ತದಂತೆ. ತೂತು ಕೊರೆದು, ಕೊರೆದ ಪುಡಿ ಬಟ್ಟೆಗೆ ತೆಗೆದು, ಸುತ್ತಲೂ ಎಮರಿ ಕಾಗದದಿಂದ ಲೋಹ ಹೊಳೆಯುವ ತನಕ ತಿಕ್ಕಿ, ನೀಲಗಂಗಮ್ಮನ ಸೊಸೆಯ ಉಗುರುಬಣ್ಣ ತೆಗೆಯುವ ಸೀಸೆಯನ್ನು ಪೂರ್ತಿ ಸುರಿದು ಕೊನೆಯ ಜಿಡ್ಡನ್ನೂ ತೆಗೆದದ್ದಾಯಿತು. ಆಗ ಕೆಂಚಪ್ಪ ಎರಡು ಉಂಡೆ ಒಳಗೆ ದಾಟಿಸಿದ. ಒಂದು ಕಪ್ಪು, ಒಂದು ಬಿಳಿ. ಎರಡೂ ಸೇರಿದರೆ ಕಬ್ಬಿಣದಂತೆ ಗಟ್ಟಿಯಾಗುವ ಅಂಟು.

"ಚಪಾತಿ ಹಿಟ್ಟು ನಾದ್ದಂಗೆ ನಾದಿ. ಎರಡೂ ಬಣ್ಣ ಒಂದಾಗ್ಬೇಕು. ಐದೇ ನಿಮಿಷ ಟೈಮು, ಆಮೇಲೆ ಕಲ್ಲಾಗತ್ತೆ."

ರಾಜಕ್ಕ ನಾದಿದಳು. ಬಣ್ಣ ಒಂದಾಯಿತು. ಸೀಳಿನೊಳಗೆ ಹೆಬ್ಬೆರಳಿನಿಂದ ಒತ್ತಿ ತುಂಬಿದಳು. ಉಳಿದದ್ದನ್ನು ಮೇಲೆ ಹರಡಬೇಕು. ಉಂಡೆ ಅಂಟಿಸಿದರೆ ಭಾರಕ್ಕೆ ಜೋತು ಎದೆಯ ಮೇಲೆ ಬಿತ್ತು. ಮತ್ತೆ ಅಂಟಿಸಿದಳು, ಮತ್ತೆ ಬಿತ್ತು. ಎರಡು ನಿಮಿಷ ಕಳೆದಿತ್ತು. ಕೆಂಚಪ್ಪನ ದನಿಯಲ್ಲಿ ಗಾಬರಿ ಕೇಳಿಸಿತು. "ಒತ್ಕೊಂಡ್ ಹಿಡ್ಕೊಳ್ಳಿ ಅಮ್ಮಾ, ಒತ್ಕೊಂಡ್ ಹಿಡ್ಕೊಳ್ಳಿ!"

ರಾಜಕ್ಕ ಹಿಡಿದುಕೊಳ್ಳಲಿಲ್ಲ. ಪಕ್ಕದ ಚೊಂಬಿನಿಂದ ಅಂಗೈಗೆ ನೀರು ಸವರಿಕೊಂಡು, ಬೆರಳು ಚಾಚಿ, ತಟ್ಟತೊಡಗಿದಳು. ಪಟ ಪಟ ಪಟ. ನಡುವಿನಿಂದ ಅಂಚಿಗೆ, ಅಂಚಿನಲ್ಲಿ ತೆಳ್ಳಗೆ, ಒಂದು ಕಡೆಯೂ ಬಿರಿಯದಂತೆ. ಹಂಚಿನ ಮೇಲೆ ಹಾಕುವ ರೊಟ್ಟಿಯನ್ನು ಸೂರಿಗೆ ತಟ್ಟಿದ ಹಾಗೆ. ತೆಳುವಾದಷ್ಟೂ ಅದು ಬೀಳುವುದನ್ನು ಬಿಟ್ಟು ಕಚ್ಚಿಕೊಂಡಿತು. ಕೆಂಚಪ್ಪ ಕಷ್ಟಪಟ್ಟು ಬಾಗಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಒಳಗೆ ನೋಡಿದ. 

"ಮೂವತ್ತು ವರ್ಷದಿಂದ ನಾನು ಪುಟ್ಟಿ ಹಾಕಿ ಅರ್ಧ ಗಂಟೆ ಕೈಯಲ್ಲಿ ಒತ್ಕೊಂಡು ಮಲ್ಗಿರ್ತಿದ್ದೆ," ಎಂದ. "ಕೈ ಮುಗೀಬೇಕು ನಿಮ್ಮ ಕೈಗೆ."

ನೀಲಗಂಗಮ್ಮ ಕೆಮ್ಮಿದಳು. ಎಲ್ಲರೂ ಕಲ್ಲಾದರು. ಒಳಗೆ ಗೊರಕೆ ಮತ್ತೆ ಶುರುವಾಯಿತು. ನೀಲಗಂಗಮ್ಮನಿಗೆ ನಿಜವಾಗಿಯೇ ಕೆಮ್ಮು ಬಂದಿತ್ತು.

ಅಂಟು ಒಂದು ದಿನ ಒಣಗಬೇಕು, ಮುಟ್ಟಬಾರದು, ಆಮೇಲೆ ಎಣ್ಣೆ ಎಂದು ಹೇಳಿ, ಗಾಡಿಯನ್ನು ಮೆಲ್ಲಗೆ ಇಳಿಸಿ, ಕೆಂಚಪ್ಪ ಹೊರಟ.

ಶುಕ್ರವಾರ ಮಧ್ಯಾಹ್ನ ಎಣ್ಣೆಯ ಡಬ್ಬಿ ಹಿಡಿದು ರಾಜಕ್ಕ ಪೋರ್ಟಿಕೋಗೆ ಬರುವ ಹೊತ್ತಿಗೆ ಬೀದಿಯಲ್ಲಿ ದೊಡ್ಡ ಗದ್ದಲ. ಜಂಬಣ್ಣನವರ ದೂರಿಗೆ ಬೆಲೆ ಬಂದು, ಚರಂಡಿ ತೊಳೆಯುವ ಜೆಟ್ಟಿಂಗ್ ಲಾರಿ ಬಂದುಬಿಟ್ಟಿತ್ತು! ಜಂಬಣ್ಣನವರು ನಿದ್ದೆ ಬಿಟ್ಟು, ಇಸ್ತ್ರಿ ಅಂಗಿ ಹಾಕಿ, ನಡುರಸ್ತೆಯಲ್ಲಿ ನಿಂತಿದ್ದರು. ಕೆಲಸಗಾರರು ಮುಚ್ಚಳ ತೆಗೆದರು.

"ಸಾರ್, ಇದು ನೀಟಾಗಿ ಹರೀತಾ ಇದೆ. ಎಲ್ಲೂ ಸೋರ್ತಿಲ್ಲ."

"ನಿಮಗ ಕಾಣಂಗಿಲ್ಲ. ನನ್ನ ಮಿಸೆಸ್ ಕಣ್ಣಾರೆ ನೋಡ್ಯಾಳ. ಇನ್ನೊಮ್ಮೆ ಹೊಡೀರಿ ನೀರು."

ಅವರು ರಸ್ತೆಯ ಚೇಂಬರನ್ನು ಒಂದೂವರೆ ಗಂಟೆ ತಪಾಸಣೆ ಮಾಡಿಸಿದರು. ಅವರ ಬೆನ್ನ ಹಿಂದೆ, ಇಪ್ಪತ್ತು ಮಾರು ದೂರದಲ್ಲಿ, ಬಾನೆಟ್ ಎತ್ತಿ ರಾಜಕ್ಕ ಇನ್ನೊಂದು ಚೇಂಬರಿಗೆ ಎಣ್ಣೆ ತುಂಬಿದಳು. ಆ ಎರಡು ವರ್ಷದಲ್ಲಿ ಗಂಡನ ಮೇಲೆ ಆಕೆಗೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು.

ಶನಿವಾರ ಪೂಜೆಯಾಯಿತು. ಕೀಲಿ ತಿರುಗಿತು. ಹತ್ತು ನಿಮಿಷ ಎಂಜಿನ್ ಗುಂಯ್‌ಗುಟ್ಟಿತು. ಜಂಬಣ್ಣನವರು ಸ್ನಾನಕ್ಕೆ ಹೋದ ಮೇಲೆ ರಾಜಕ್ಕ ಮೊದಲೇ ಅಡಿಯಲ್ಲಿ ಹಾಸಿಟ್ಟಿದ್ದ ದಿನಪತ್ರಿಕೆಯನ್ನು ಎಳೆದು ನೋಡಿದಳು. ಒಂದು ಹನಿಯಿಲ್ಲ. ಆಕೆಗೆ ಕುಣಿಯಬೇಕೆನಿಸಿತು. ಕುಣಿಯುವ ವಯಸ್ಸಲ್ಲವೆಂದು ನೀಲಗಂಗಮ್ಮನಿಗೆ ಫೋನ್ ಮಾಡಿ ಹೇಳಿದಳು. ಆಕೆ ಅಲ್ಲಿ ಕುಣಿದಳೋ ಏನೋ.

ಭಾನುವಾರ ಹತ್ತಕ್ಕೆ ಹುಡುಗ ಬಂದ. ಹೆಸರು ಶ್ರೀಶ, ಮೂವತ್ತರ ಆಸುಪಾಸು. ಹೆಂಡತಿ ಶಿಲ್ಪಾ ಹೊಸದಾಗಿ ಡ್ರೈವಿಂಗ್ ಕಲಿತಿದ್ದಾಳೆ, ಅವಳಿಗೆ ಅಂತ ಒಂದು ಸಣ್ಣ ಗಾಡಿ ಬೇಕು ಎಂದ. ಬಾನೆಟ್ ತೆಗೆದ, ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟ. ನೆಲಕ್ಕೆ ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟ. ರಾಜಕ್ಕ ಚಹಾ ತಂದು ಬಾಗಿಲಲ್ಲೇ ನಿಂತಳು.

"ಅಂಕಲ್, ಹದಿನಾಲ್ಕು ವರ್ಷದ ಗಾಡಿ ಅಂದ್ರೆ ಅಡಿ ಎಲ್ಲ ಎಣ್ಣೆ ಸುರೀತಿರತ್ತೆ. ಇದು ಬೋನ್ ಡ್ರೈ. ಹೇಳಿದ್ ರೇಟಿಗೇ ತಗೋತೀನಿ."

 ಸಿಕ್ಕಿಬೀಳುವ ಹೆದರಿಕೆಯಲ್ಲಿ ನಾಲ್ಕು ದಿನ ಓಡಾಡಿದ ರಾಜಕ್ಕನಿಗೆ ಈ ಒಂದು ವಿಷಯ ಹೊಳೆದೇ ಇರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು. ಗಾಡಿಯನ್ನು ಉಳಿಸಿಕೊಳ್ಳಲು ಹೋಗಿ, ತನ್ನ ಕೈಯಾರೆ ತಟ್ಟಿ, ಮಾರಾಟಕ್ಕೆ ಒಪ್ಪಮಾಡಿ ಇಟ್ಟಿದ್ದಳು. ಇನ್ನು ಯಾವ ಬುಧವಾರವೂ ಇಲ್ಲ.

"ಸಿಂಗಲ್ ಹ್ಯಾಂಡ್ ಅಲ್ವಾ ಅಂಕಲ್?" ಎಂದು ಕೇಳಿದ ಶ್ರೀಶ.

ಜಂಬಣ್ಣನವರು ಬಾನೆಟ್ ಸವರಿದರು. "ಪಕ್ಕಾ ಸಿಂಗಲ್ ಹ್ಯಾಂಡ್. ನನ್ನ ಕೈ ಬಿಟ್ಟು ಇನ್ನೊಂದು ಕೈ ಇದನ್ನ ಮುಟ್ಟಿಲ್ಲ."

ರಾಜಕ್ಕ ಚಹಾದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಇನ್ನು ಬಿಚ್ಚದೆ ನಡೆಯುವಂತಿರಲಿಲ್ಲ.

"ಸಿಂಗಲ್ ಹ್ಯಾಂಡ್ ಅಲ್ಲಪ್ಪ ಇದು," ಎಂದಳು. "ಎರಡು ಕೈ. ಎರಡನೇ ಕೈ ನಂದು. ಎರಡು ವರ್ಷದಿಂದ ಪ್ರತಿ ಬುಧವಾರ ಬಿಡದಿಗೆ ಓಡಿಸೀನಿ. ಮೊನ್ನೆ ಅಗೋ ಆ ಮುಚ್ಚಳಕ್ಕ ಬಡಿದು ಚೇಂಬರ್ ಸೀಳ್ತು. ನಾನೇ ಸೀಳಿದೆ, ನಾನೇ ಅಡಿಗೆ ಮಲಗಿ ಅಂಟಿಸಿದೆ. ಸೋರಂಗಿಲ್ಲ. ಆದ್ರ ನಿನ್ನ ಹೆಂಡತಿ ಓಡಿಸೋ ಗಾಡಿ, ಗೊತ್ತಿರಬೇಕು."

ಶ್ರೀಶ ಜಂಬಣ್ಣನವರನ್ನು ನೋಡಿದ. ಜಂಬಣ್ಣನವರು ಚರಂಡಿಯ ಮುಚ್ಚಳವನ್ನು ನೋಡಿದರು. ಎರಡು ಪುಟದ ದೂರು, ಮೂರು ಫೋಟೋ, ಜೆಟ್ಟಿಂಗ್ ಲಾರಿ ಎಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಹಾದು ಹೋದವು.

"ಆಂಟಿ, ನೀವು ಹೇಳ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದ ಶ್ರೀಶ. ಆಮೇಲೆ ಚಹಾ ಕುಡಿದು, ಮನೆಯಲ್ಲಿ ಕೇಳಿ ಫೋನ್ ಮಾಡ್ತೀನಿ ಎಂದು, ಫೋನ್ ಮಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗುವ ದನಿಯಲ್ಲಿ ಹೇಳಿ ಹೋದ.

ಗೇಟು ಮುಚ್ಚಿತು.

"ಎರಡು ವರ್ಷ," ಎಂದರು ಜಂಬಣ್ಣನವರು. "ಎರಡು ವರ್ಷ ನನಗ ಸುಳ್ಳು ಹೇಳಿದಿ."

"ಹೇಳಿದೆ. ಹದಿನಾಲ್ಕು ವರ್ಷದಾಗ ಒಂದು ದಿನ, ಒಂದೇ ಒಂದು ದಿನ, 'ನೀ ಓಡಿಸ್ತೀ ಏನು' ಅಂತ ಕೇಳೀರಾ? ಮಾರಾಕಾದ್ರೂ ಕೇಳಿದ್ರಾ?"  ರಾಜಕ್ಕನಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು; ಬರುವ ಮಾತಿಗೆಲ್ಲ ಉತ್ತರ ಕೊಡಲು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

ಬೈಗುಳ ಬರಲಿಲ್ಲ. ಜಂಬಣ್ಣನವರು ಮೆಟ್ಟಿಲ ಮೇಲೆ ಕೂತರು. ಆಮೇಲೆ ಕೇಳಿದರು.

"ಮೈಸೂರು ರೋಡಿನಾಗ ಎಷ್ಟನೇ ಗೇರಿನಾಗ ಹೋಗ್ತಿದ್ದಿ?"

"ಐದನೇದ್ರಾಗ."

"ಲಾರಿ ಬಾಜೂಕ ಬಂದ್ರ?"

"ಬಂದ್ರ ಬರ್ತಾವು. ಅವರ ದಾರಿ ಅವರಿಗೆ."

ಜಂಬಣ್ಣನವರು ತಲೆ ತಗ್ಗಿಸಿದರು. "ನಾ ಮೂರರ ಮ್ಯಾಲ ಹಾಕೇ ಇಲ್ಲ," ಎಂದರು, 'ಮಿಸೆಸ್' ಎಂದು ಬೀದಿಗೆ ಕೇಳುವಂತೆ ಹೇಳುತ್ತಿದ್ದ ದನಿಯೇ ಅಲ್ಲ ಅದು. "ಒಮ್ಮೆನೂ ಇಲ್ಲ. ಅಂಜಿಕಿ ಆಗ್ತಿತ್ತು. ಯಾರಿಗಂತ ಹೇಳ್ಲಿ?"

ರಾಜಕ್ಕ ಕಟ್ಟಿಟ್ಟುಕೊಂಡಿದ್ದ ಜಗಳವೆಲ್ಲ ಸೋರಿಹೋಯಿತು. ಮೂವತ್ತಾರು ವರ್ಷದಲ್ಲಿ ಈ ಮನುಷ್ಯ ಹೆದರಿಕೆ ಎಂಬ ಶಬ್ದವನ್ನು ಬಾಯಿಗೆ ತಂದದ್ದನ್ನು ಆಕೆ ಕೇಳಿರಲಿಲ್ಲ. ಪಾಪ ಎನಿಸಿತು. ಅವರನ್ನು ಕಂಡು ಪಾಪ ಎನಿಸಿದ್ದೂ ಅದೇ ಮೊದಲು. ಆಕೆ ಒಳಗೆ ಹೋಗಿ ಮೆಂತ್ಯದ ಡಬ್ಬಿಯಲ್ಲಿ ಕೈಯಾಡಿಸಿ ಬಂದಳು.

"ಏಳ್ರಿ," ಎಂದಳು. "ಚಪ್ಪಲಿ ಹಾಕ್ಕೋರಿ."

ಗೇಟನ್ನು ಪೂರ್ತಿ ತೆರೆದಳು. ಇವತ್ತು ತಳ್ಳುವ ಕೆಲಸವಿರಲಿಲ್ಲ. ಜಂಬಣ್ಣನವರು ಅಭ್ಯಾಸದಂತೆ ಬಂದು ಬಲಗಡೆಯ ಬಾಗಿಲಿಗೆ ಕೈ ಹಾಕಿದರು. ಅಲ್ಲಿ ರಾಜಕ್ಕ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಅವರು ಸ್ವಲ್ಪ ಹೊತ್ತು ಹಿಡಿಯನ್ನು ಹಿಡಿದುಕೊಂಡೇ ನಿಂತರು. ಆಮೇಲೆ ಬಿಟ್ಟು, ಕಾರಿನ ಮುಂದಿನಿಂದ ಸುತ್ತು ಹಾಕಿ, ಎಡಗಡೆಯ ಬಾಗಿಲು ತೆಗೆದು ಕೂತರು.